ಗುಳಿಗಿ ಹೋಗ್ಯಾವ್ರೀ!

ತಪ್ಪೆಲ್ಲ ಅಕ್ಷರದ ಮೇಲಿನ ಒಂದು ಗುಡಿಸಿನದು. ಆ ಗುಡಿಸು ಇಲ್ಲದಿದ್ದರೆ ಇಷ್ಟೆಲ್ಲ ರಾದ್ಧಾಂತ ಆಗುತ್ತಲೇ ಇರಲಿಲ್ಲ.

ಶಿವಪುತ್ರ ವಿಜಾಪುರದ ಕಡೆಯವನು. ಅವನ ಬಾಯಲ್ಲಿ ಮಾತ್ರೆಗೆ ಗುಳಿಗಿ ಎಂದೇ ಹೆಸರು. ಮುಂಬೈಯ ಚೆಂಬೂರಿನ ಡಾಕ್ಟರ್ ಶ್ರೀರಾಮ್ ಅವರ ಹಲ್ಲಿನ ಕ್ಲಿನಿಕ್ಕಿನಲ್ಲಿ ಹದಿನೆಂಟು ವರ್ಷ ಅಸಿಸ್ಟೆಂಟಾಗಿ ದುಡಿದರೂ, ದಿನಾ ಹಿಂದಿ ಮರಾಠಿ ಗುಜರಾತಿ ಬಾಯಿಗಳನ್ನು ತೆರೆಸಿ ಮುಚ್ಚಿಸಿದರೂ, ಅವನ ಗುಳಿಗಿ ಗುಳಿಗಿಯಾಗಿಯೇ ಉಳಿದಿತ್ತು. ಇನ್ನು ಕ್ಲಿನಿಕ್ಕಿನ ಕೆಳಗಿನ ಉಡುಪಿ ಹೋಟೆಲಿನ ಮ್ಯಾನೇಜರ್ ದೂಜಣ್ಣ ಕಾಪು ಕಡೆಯವರು. ಅವರ ಕಿವಿಗೆ ಗುಳಿಗ ಎಂದರೆ ತುಳುನಾಡಿನ ದೈವ. ಹಸಿವು ಜಾಸ್ತಿ, ಸಿಟ್ಟು ಮೂಗಿನ ತುದಿಯಲ್ಲಿ, ಅನ್ಯಾಯ ಕಂಡರೆ ಬಿಡುವ ಪೈಕಿಯೇ ಅಲ್ಲ. ಊರಲ್ಲಿ ಗುಳಿಗನ ಕಟ್ಟೆಯ ಮುಂದೆ ಹಾಯುವಾಗ ದೂಜಣ್ಣ ಈ ವಯಸ್ಸಿನಲ್ಲೂ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಳ್ಳುತ್ತಾರೆ.

ಅವತ್ತು ಬೆಳಿಗ್ಗೆ ಒಂಬತ್ತಕ್ಕೆ ಶಿವಪುತ್ರ ಔಷಧಿ ಕಪಾಟು ತೆಗೆದು ಎಣಿಸಿದ. ಬುದ್ಧಿಹಲ್ಲು ಕೀಳಿಸಿಕೊಂಡವರಿಗೆ ಕೊಡುವ ಖಡಕ್ ನೋವಿನ ಮಾತ್ರೆ ಅದು. ರುಚಿ ಹತ್ತಿದರೆ ಬಿಡಿಸುವುದು ಕಷ್ಟ, ಅದಕ್ಕೇ ಸರಕಾರದ ಕಣ್ಣು ಅದರ ಮೇಲೆ. ಒಂದೊಂದು ಮಾತ್ರೆಗೂ ಪೇಶಂಟಿನ ಹೆಸರು ಬರೆದಿಡಬೇಕು. ಬರೆಯುವವನು ಶಿವಪುತ್ರ, ಅವನ ಅಕ್ಷರ ನೋಡಿದರೆ ಕಣ್ಣಿಗೆ ಒತ್ತಿಕೊಳ್ಳಬೇಕು. ಆ ಚಂದದ ಅಕ್ಷರದಲ್ಲಿ ರಿಜಿಸ್ಟರಿನಲ್ಲಿ ಅರವತ್ತು ಎಂದಿತ್ತು. ಕಪಾಟಿನಲ್ಲಿ ಇದ್ದದ್ದು ನಲವತ್ತಾರು.

ಮತ್ತೆ ಎಣಿಸಿದ. ಕನ್ನಡಕ ಒರೆಸಿಕೊಂಡು ಎಣಿಸಿದ. ಬಸವಣ್ಣನ ಹೆಸರು ಹೇಳಿ ಎಣಿಸಿದ. ನಲವತ್ತಾರೇ.

ಕಪಾಟಿಗೆ ಎರಡು ಕೀಲಿ. ಒಂದು ಶಿವಪುತ್ರನ ಸೊಂಟದಲ್ಲಿ, ಇನ್ನೊಂದು ದೊಡ್ಡ ಡಾಕ್ಟರು ಶ್ರೀರಾಮ್ ಅವರ ಮೇಜಿನ ಡ್ರಾಯರಿನಲ್ಲಿ. ಅಲ್ಲಿನ ಮೂವರು ಡಾಕ್ಟರುಗಳು ಬೇಕಾದಾಗ ತೆಗೆದುಕೊಂಡು, "ನಾಲ್ಕು, ಇಂಥ ಪೇಶಂಟು" ಎಂದು ಚೀಟಿ ಬರೆದಿಟ್ಟರೆ ಅವನು ಅದನ್ನು ರಿಜಿಸ್ಟರಿಗೆ ಇಳಿಸುತ್ತಿದ್ದ. ಇವತ್ತು ಮಾತ್ರೆಯೂ ಇಲ್ಲ, ಚೀಟಿಯೂ ಇಲ್ಲ. ಅದರ ಮೇಲೆ ಸಂಜೆ ಐದಕ್ಕೆ ತಪಾಸಣೆಗೆ ಇನ್‌ಸ್ಪೆಕ್ಟರ್ ಬರುವವರಿದ್ದರು. ಲೆಕ್ಕ ತಪ್ಪಿದರೆ ಕ್ಲಿನಿಕ್ಕಿಗೆ ಬೀಗ, ಕಳ್ಳ ಎಂಬ ಪಟ್ಟ ಕೀಲಿ ಇಟ್ಟುಕೊಂಡವನಿಗೆ. ಹದಿನೆಂಟು ವರ್ಷದಲ್ಲಿ ಶಿವಪುತ್ರ ಅಲ್ಲಿಂದ ಒಂದು ಹತ್ತಿಯ ಉಂಡೆಯನ್ನೂ ಮನೆಗೆ ಒಯ್ದವನಲ್ಲ. ಇಂಥವರು ಈ ಊರಲ್ಲಿ ಇನ್ನೂ ಇದ್ದಾರೆ ಎಂದರೆ ನಂಬುವುದು ಕಷ್ಟ, ಆದರೆ ಇದ್ದಾರೆ.

ನೆಟ್‌ವರ್ಕ್ ಸಿಗುವುದು ಮೆಟ್ಟಿಲ ತಿರುವಿನಲ್ಲಿ ಮಾತ್ರ. ಅಲ್ಲಿಗೆ ಓಡಿ ಡಾಕ್ಟರಿಗೆ ಫೋನು ಹಚ್ಚಿದ.

"ಡಾಕ್ಟ್ರ, ಗುಳಿಗಿ ಹೋಗ್ಯಾವ್ರೀ! ಕೀಲಿ ಹಾಕಿದ್ದು ಹಾಕ್ದಂಗ ಐತಿ, ಒಳಗಿನ ಗುಳಿಗಿ ಇಲ್ರೀ!"

"ಏನಪ್ಪಾ? ಕೇಳಿಸ್ತಾ ಇಲ್ಲ. ಲೋಕಲ್‌ನಲ್ಲಿದೀನಿ, ಕುರ್ಲಾ ಬಂತು," ಎಂದು ಡಾಕ್ಟರ್ ಫೋನಿಟ್ಟರು.

ಅವರಿಗೆ ಕೇಳಿಸಲಿಲ್ಲ. ಕೆಳಗೆ ದೂಜಣ್ಣನಿಗೆ ಸೊಗಸಾಗಿ ಕೇಳಿಸಿತು. ಕೈಯಲ್ಲಿದ್ದ ಕಾಫಿ ಅಲ್ಲೇ ಬಿಟ್ಟು, ಚಪ್ಪಲಿ ಬಿಚ್ಚಿ, ಎರಡೆರಡು ಮೆಟ್ಟಿಲು ಹಾರಿ ಮೇಲೆ ಬಂದರು.

"ಎಂತ ಮಾರಾಯ ಹೇಳುವುದು ನೀನು? ಗುಳಿಗ ಇಲ್ಲಿ ಇದ್ದದ್ದಾ?"

"ಹ್ಞೂಂರೀ. ಹದಿನೆಂಟು ವರ್ಷ ಆತು, ಇದ ಕಪಾಟ್ನ್ಯಾಗ."

"ಕಪಾಟಿನಲ್ಲಿ? ಬೀಗ ಹಾಕಿ?"

"ಹಾಕಬೇಕ್ರೀ. ಗೊರಮೆಂಟ್ ರೂಲು."

ದೂಜಣ್ಣ ಎದೆ ಮುಟ್ಟಿಕೊಂಡರು. ಘಟ್ಟದವರಿಗೆ ತಿಳಿವಳಿಕೆ ಕಡಿಮೆ ಎಂದು ಗೊತ್ತಿತ್ತು, ಇಷ್ಟು ಕಡಿಮೆ ಎಂದು ಗೊತ್ತಿರಲಿಲ್ಲ. "ಮತ್ತೆ ಕೊಡುವುದು ಗಿಡುವುದು ಎಲ್ಲ ಹೇಗೆ?"

"ದಿನಾ ಕೊಡಂಗಿಲ್ರೀ. ಹಲ್ಲು ಕಿತ್ತು ರಕ್ತ ಬಂದಾಗಷ್ಟ ಕೊಡೂದು."

"ರಕ್ತ ಬಂದಾಗ!" ದೂಜಣ್ಣನ ದನಿ ಇಳಿಯಿತು. "ಸರಿ ಸರಿ. ಅದು ಕ್ರಮವೇ."

"ಖಾಲಿ ಹೊಟ್ಟಿ ಇರಬಾರದು ನೋಡ್ರಿ. ಉರೀತದ."

"ಗೊತ್ತುಂಟು. ಹೊಟ್ಟೆ ಖಾಲಿ ಇದ್ದರೆ ಉರಿದು ಬೀಳುವುದೇ ಅದು. ಎಷ್ಟು ಹೊತ್ತಾಯ್ತು ಹೋಗಿ?"

"ನಿನ್ನಿ ಸಂಜಿಗೆ ಇದ್ದವು. ಮುಂಜಾನೆ ನೋಡಿದ್ರ ಹದಿನಾಲ್ಕು ಇಲ್ಲ."

"ಹದಿನಾಲ್ಕು ಗುಳಿಗನಾ!" ಎಂದು ದೂಜಣ್ಣ ಮೆಟ್ಟಿಲ ಮೇಲೆಯೇ ಕುಳಿತುಬಿಟ್ಟರು. ಒಬ್ಬನನ್ನು ಸುಧಾರಿಸುವುದೇ ಕಷ್ಟ.

ಅಷ್ಟರಲ್ಲಿ ಎರಡನೇ ಮಹಡಿಯ ಸುಬ್ಬಲಕ್ಷ್ಮಿಯವರು ಇಳಿದು ಬಂದರು. ಮೈಸೂರಿನವರು, ಮೂವತ್ತೆರಡು ವರ್ಷ ಟೀಚರಾಗಿದ್ದವರು. ರಿಟೈರಾದ ಮೇಲೂ ಯಾರನ್ನು ಕಂಡರೂ ಬೆಂಚಿನ ಮೇಲೆ ನಿಲ್ಲಿಸುವ ನೋಟ.

"ಏನು ಗಲಾಟೆ? ಕಳ್ಳತನವಾ? ಕೀಲಿ ಯಾರ ಹತ್ರ ಇತ್ತು?"

"ನನ್ನ ಕಡೆರೀ."

"ಮತ್ತಿನ್ನೇನು ಕೇಳೋದು," ಎಂದು ತೀರ್ಪು ಕೊಟ್ಟು ಅವರು ತರಕಾರಿಗೆ ಹೋದರು.

ಹತ್ತು ಗಂಟೆಯ ಹೊತ್ತಿಗೆ ಬಿಲ್ಡಿಂಗಿನಲ್ಲಿ ಎರಡು ಸುದ್ದಿ ಓಡಾಡುತ್ತಿದ್ದವು. ಒಂದರಲ್ಲಿ ಹಲ್ಲಿನ ಕ್ಲಿನಿಕ್ಕಿನ ಕಪಾಟಿನಿಂದ ಹದಿನಾಲ್ಕು ದೈವಗಳು ಸಿಟ್ಟಾಗಿ ಹೊರಟುಹೋಗಿದ್ದವು. ಇನ್ನೊಂದರಲ್ಲಿ ಶಿವಪುತ್ರ ಗ್ರಾಂಟ್ ರೋಡಿನ ಲಾಡ್ಜುಗಳಿಗೆ ಚೀಲಗಟ್ಟಲೆ ಮಾತ್ರೆ ಸಪ್ಲೈ ಮಾಡುತ್ತಿದ್ದ. ಎರಡನೆಯದನ್ನು ನಂಬಿದವರೇ ಹೆಚ್ಚು. ಹಾಲಿನವನು ಕೂಡ ಅವನನ್ನು ಕಂಡು, "ಕ್ಯಾ ಸೇಠ್!" ಎಂದು ನಕ್ಕ.

ಡಾಕ್ಟರ್ ಶ್ರೀರಾಮ್ ಸೊಂಟಕ್ಕೆ ಕೈ ಕೊಟ್ಟುಕೊಂಡು ಬಂದರು. ಅವರ ಕೈಯ ಬಗ್ಗೆ ಒಂದು ಮಾತು ಹೇಳಲೇಬೇಕು. ಆ ಕೈ ಹಲ್ಲು ಕಿತ್ತರೆ ಪೇಶಂಟು, "ಯಾವಾಗ ಕೀಳ್ತೀರಿ?" ಎಂದು ಕೇಳುತ್ತಾನೆ. ಥಾಣೆಯಿಂದ ಜನ ಎರಡು ಟ್ರೇನು ಬದಲಿಸಿ ಬರುತ್ತಾರೆ. ಹಾಗೆ ಬಂದವರು ಹೆದರಿ ನಡುಗಿದರೆ ಭುಜ ಹಿಡಿಯುವುದು ಶಿವಪುತ್ರ. "ಇರಿವಿ ಕಡದಂಗ ಆಗ್ತದ, ಅಷ್ಟ," ಎಂದು ಅವನು ಹೇಳಿದರೆ ಎಂಥ ಪೈಲ್ವಾನನೂ ಮಗುವಿನಂತೆ ಬಾಯಿ ತೆರೆಯುತ್ತಾನೆ. ಇಬ್ಬರದೂ ಒಂದು ಜೋಡಿ, ನೋಡಲು ಪುಣ್ಯ ಬೇಕು.

ಉಳಿದ ಇಬ್ಬರು ಡಾಕ್ಟರುಗಳೂ ಹಿಂದೆಯೇ ಬಂದರು. ಶ್ರೇಯಾ ಉಡುಪಿ ಮೂಲದ ಚುರುಕು ಹುಡುಗಿ, ಹುಟ್ಟಿ ಬೆಳೆದದ್ದು ಇಲ್ಲೇ. ಕನ್ನಡ ಆಡುವಾಗ ಹೊಸ ಚಪ್ಪಲಿ ಹಾಕಿ ನಡೆದ ಹಾಗೆ ನಡೆಯುತ್ತಾಳೆ. ಪ್ರಶಾಂತ ಸರ್ಜನ್, ಮೂಡಬಿದಿರೆಯ ಕಡೆಯವರು. ಒಳ್ಳೆಯ ಅಂಗಿ, ಒಳ್ಳೆಯ ಸೆಂಟು, ಒಳ್ಳೆಯ ಮಾತು.

ವಿಷಯ ಕೇಳಿ ದೊಡ್ಡ ಡಾಕ್ಟರು ಹಣೆ ಒತ್ತಿಕೊಂಡರು. "ನಿನ್ನ ಮೇಲೆ ನಂಗೆ ಅನುಮಾನ ಇಲ್ಲಪ್ಪ, ಶಿವಪುತ್ರ. ಆದ್ರೆ ಸಾಯಂಕಾಲದೊಳಗೆ ಹದಿನಾಲ್ಕು ಸಿಗದೇ ಹೋದ್ರೆ ಆ ಕೀಲಿ ನೀನು ವಾಪಸ್ ಕೊಡ್ಬೇಕಾಗುತ್ತೆ. ಬೇರೆ ದಾರಿ ಇಲ್ಲ."

ಶಿವಪುತ್ರನ ಕೈ ಸೊಂಟದ ಕೀಲಿಯ ಮೇಲೆ ಹೋಯಿತು. ಸಂಬಳ ಹೋದರೆ ಇನ್ನೊಂದು ಕಡೆ ಹುಟ್ಟುತ್ತದೆ. ಕೀಲಿ ಹೋದರೆ ಹೆಸರು ಹೋಯಿತು. ಹೆಂಡತಿ ಮಹಾದೇವಿ ಊರಲ್ಲೆಲ್ಲ ಹೇಳಿಕೊಂಡು ಬರುವುದು ಒಂದೇ ಮಾತು: "ನಮ್ಮವರ ಕೈಯಾಗ ಇಡೀ ದವಾಖಾನಿ ಕೀಲಿ ಐತಿ." ಅವನು ಮೂಲೆಗೆ ಹೋಗಿ ಕಣ್ಣೊರೆಸಿಕೊಂಡ.

ಹನ್ನೆರಡಕ್ಕೆ ದೂಜಣ್ಣ ಮತ್ತೆ ಮೇಲೆ ಬಂದರು. ಸ್ನಾನ ಮಾಡಿ, ಬಿಳಿ ಪಂಚೆ ಉಟ್ಟು, ಕೈಯಲ್ಲಿ ಬಾಳೆ ಎಲೆ, ಎಳನೀರು, ಅರಳು, ಬೆಲ್ಲ, ದೀಪ. ಕಪಾಟಿನ ಮುಂದೆ ಒಂದು ಸ್ಟೂಲು ಎಳೆದು ಎಲೆ ಹಾಸಿ, ದೀಪ ಹಚ್ಚಿ, ಕೈಮುಗಿದೂ ಆಯಿತು. ಆಗ ಶಿವಪುತ್ರನಿಗೆ ಎಲ್ಲೋ ಏನೋ ಎಡವಟ್ಟಾಗಿದೆ ಎನಿಸಿತು.

"ದೂಜಣ್ಣಾರ, ಗುಳಿಗಿಗೆ ಯಾಕ್ರೀ ದೀಪಾ? ಗುಳಿಗಿ ಅಂದ್ರ ನೀರು ಕುಡದು ನುಂಗೂದು ನೋಡ್ರಿ. ಟ್ಯಾಬ್ಲೆಟ್ಟು!"

ದೂಜಣ್ಣ ಮುಗಿದ ಕೈ ಹಾಗೇ ಇಟ್ಟುಕೊಂಡು ತಿರುಗಿದರು. ಇನ್ನೊಬ್ಬರಾಗಿದ್ದರೆ ನಾಚಿ ಎಲೆ ಸುತ್ತಿಕೊಂಡು ಇಳಿದುಹೋಗುತ್ತಿದ್ದರು. ದೂಜಣ್ಣ ಆ ಜಾತಿಯವರಲ್ಲ.

"ಅದನ್ನು ಬೆಳಿಗ್ಗೆಯೇ ಬಿಡಿಸಿ ಹೇಳ್ಲಿಕ್ಕೆ ಎಂತ ಆಗಿತ್ತು ನಿನಗೆ? ಇರಲಿ. ಹೆಸರು ಹಿಡಿದು ಕರೆದದ್ದು ನೀನು, ದೀಪ ಇಟ್ಟದ್ದು ನಾನು. ಇನ್ನು ಸುಮ್ಮನೆ ಎಬ್ಬಿಸ್ಲಿಕ್ಕೆ ಆಗುವುದಿಲ್ಲ." ಆಮೇಲೆ ಮೂವರು ಡಾಕ್ಟರುಗಳಿಗೂ ಕೇಳುವಂತೆ ದನಿ ಎತ್ತಿ ಪ್ರಾರ್ಥನೆ ಮಾಡಿದರು: "ಸ್ವಾಮಿ, ಈ ಕಪಾಟಿನಿಂದ ಯಾರು ತೆಗೆದದ್ದೋ, ಇವತ್ತು ತೆಗೆದಿರಲಿ, ಹಿಂದೆ ತೆಗೆದಿರಲಿ, ದೀಪ ಆರುವುದರ ಒಳಗೆ ಈ ಎಲೆಯ ಅಡಿಯಲ್ಲಿ ತಂದಿಡಲಿ. ಇಟ್ಟರೆ ಅವರನ್ನು ನಗುನಗುತ್ತಾ ಕಾಪಾಡು. ಇಡದಿದ್ದರೆ ಅವರು ಉಂಟು, ನೀನು ಉಂಟು."

ಮತ್ತೆ ಶಿವಪುತ್ರನ ಕಡೆ ತಿರುಗಿ, "ಯಾರು ಇಟ್ಟರು ಅಂತ ನೋಡುವ ಹಾಗಿಲ್ಲ, ಹೇಳುವ ಹಾಗಿಲ್ಲ. ಮಾತು ಕೊಡು," ಎಂದರು. ಶಿವಪುತ್ರ ದೀಪ ಮುಟ್ಟಿ ಮಾತು ಕೊಟ್ಟ.

ಡಾಕ್ಟರ್ ಶ್ರೀರಾಮ್ ನಕ್ಕರು. "ನಾನು ಸೈನ್ಸ್ ಓದಿದೋನು ದೂಜಣ್ಣ. ಇದೆಲ್ಲ ನಂಬಲ್ಲ." ಶ್ರೇಯಾ ನಗಲಿಲ್ಲ. ಪ್ರಶಾಂತ ಸಕ್ಕರೆ ಹಾಕಿದ ಚಹಾಕ್ಕೆ ಮತ್ತೊಮ್ಮೆ ಸಕ್ಕರೆ ಹಾಕಿಕೊಂಡರು.

ಎರಡು ಗಂಟೆಗೆ ಪ್ರಶಾಂತ ಜೋಗೇಶ್ವರಿಯ ತಮ್ಮ ಇನ್ನೊಂದು ಕ್ಲಿನಿಕ್ಕಿಗೆ ಹೊರಟರು. ಹೊರಡುವ ಮುಂಚೆ, "ಒಂದು ನಮಸ್ಕಾರ ಮಾಡಿ ಹೋಗ್ತೇನೆ, ನಮ್ಮ ಊರಿನ ದೈವ ಅಲ್ವಾ," ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಹೊರಗೆ ಬಂದಾಗ ಬೆವರಿದ್ದರು. ಅವರ ಟ್ಯಾಕ್ಸಿ ತಿರುವು ದಾಟಿದ್ದೇ ತಡ, ಶಿವಪುತ್ರ ಎಲೆ ಎತ್ತಿ ನೋಡಿದ. ಸೆಂಟಿನ ವಾಸನೆ ಘಮ್ ಎಂದಿತು. ಮಾತ್ರೆ ಎಣಿಸಿದರೆ ಹದಿನಾಲ್ಕು! ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

ಅವನಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಸಂತೋಷ. ಮಾತ್ರೆಗಳನ್ನು ಕಪಾಟಿಗೆ ಸೇರಿಸಿ ಎಣಿಸಿದ. ಅರವತ್ತು. ಕೆಳಗೆ ಓಡಿ ದೂಜಣ್ಣನ ಕಾಲಿಗೇ ಬಿದ್ದ.

"ಸಿಕ್ಕಾವ್ರೀ! ಎಲಿ ತಗೀರಿ ಇನ್ನ."

"ದೀಪ ಆರುವ ಮುಂಚೆ ತೆಗೆಯುವ ಕ್ರಮ ಇಲ್ಲ," ಎಂದರು ದೂಜಣ್ಣ. ಮುಖದಲ್ಲಿ ಮಾತ್ರ ಊರಿನ ಕಂಬಳದಲ್ಲಿ ತಮ್ಮದೇ ಕೋಣ ಗೆದ್ದ ಕಳೆ ಇತ್ತು.

ಆಮೇಲೆ ಶ್ರೇಯಾ ಬಂದಳು. "ಅಂಕಲ್, ನಾನೂ ಪ್ರೇ ಮಾಡ್ಲಾ? ಆಕ್ಚುಲಿ, ಅಜ್ಜಿ ಹೇಳಿದ್ದು ಇದೆ." ಐದು ನಿಮಿಷ ಒಳಗಿದ್ದಳು. ನಾಲ್ಕೂವರೆಗೆ ಸೈನ್ಸ್ ಓದಿದ ದೊಡ್ಡ ಡಾಕ್ಟರು, "ದೀಪಕ್ಕೆ ಎಣ್ಣೆ ಇದೆಯಾ ನೋಡ್ತೀನಿ," ಎಂದು ಒಳಗೆ ಹೋದರು. ಎಣ್ಣೆ ನೋಡಲು ಅವರಿಗೆ ಹತ್ತು ನಿಮಿಷ ಹಿಡಿಯಿತು. ಶಿವಪುತ್ರ ಇದನ್ನೆಲ್ಲ ಕಂಡು ಭಕ್ತಿ ಎಂದುಕೊಂಡ. ಅವನ ಲೆಕ್ಕ ಸರಿಹೋಗಿತ್ತಲ್ಲ, ಇನ್ನೇಕೆ ಅನುಮಾನ?

ಐದಕ್ಕೆ ಸರಿಯಾಗಿ ಇನ್‌ಸ್ಪೆಕ್ಟರ್ ಬಂದರು. ಶ್ರೀಮಂತ ಎಂದು ಹೆಸರು, ಸೊಲ್ಲಾಪುರದ ಕಡೆಯವರು. ಕಳೆದ ವರ್ಷದ ತಪಾಸಣೆಗೂ ಅವರೇ ಬಂದಿದ್ದರು. ಮೆಟ್ಟಿಲ ಬುಡದಲ್ಲಿಯೇ ಅವರನ್ನು ಹಿಡಿದು ದೂಜಣ್ಣ ಬೆಳಗಿನಿಂದ ನಡೆದದ್ದನ್ನು, ಹದಿನಾಲ್ಕು ಎಂಬ ಮಾತೊಂದನ್ನು ಬಿಟ್ಟು, ಉಪ್ಪು ಖಾರ ಹಚ್ಚಿ ಹೇಳಿದ್ದರು. ಮೇಲೆ ಬಂದ ಸಾಹೇಬರು ಬೂಟು ಬಿಚ್ಚಿದರು.

"ಮೊದಲ ದೇವರ ಕೆಲಸ. ಆಮ್ಯಾಲೆ ಸರಕಾರದ್ದು. ನೀವೆಲ್ಲಾರೂ ಜರಾ ಹೊರಗ ನಿಂದರ್ರಿ," ಎಂದು ಅವರೂ ಕೈಮುಗಿದು ಬಂದರು. ಎಂಥ ದೈವಭಕ್ತ ಆಫೀಸರು ಎಂದು ಎಲ್ಲರೂ ತಲೆದೂಗಿದರು.

ಆಮೇಲೆ ಕಪಾಟು ಎಣಿಸಿದರು. ಅರವತ್ತು. ರಿಜಿಸ್ಟರ್ ತೆಗೆದರು. ಅರವತ್ತು. ಪುಟ ತಿರುವುತ್ತ ತಿರುವುತ್ತ ಅವರ ಹುಬ್ಬು ಮೇಲೇರಿತು. "ಎಷ್ಟ ಚೊಲೊ ಬರದೀಯೋ ಮಾರಾಯ! ಇಡೀ ಮುಂಬೈದಾಗ ಇಂಥಾ ರಜಿಸ್ಟರ್ ನೋಡಿಲ್ಲ ನಾ. ಸಬಾಸ್!" ಪೆನ್ನು ತೆಗೆದು ಸಹಿ ಮಾಡಲು ಬಗ್ಗಿದರು. ಶಿವಪುತ್ರನ ಸೊಂಟದ ಕೀಲಿ ತಾನಾಗಿಯೇ ಒಮ್ಮೆ ಝಣ್ ಎಂದಿತು.

ಅದೇ ಹೊತ್ತಿಗೆ ದೀಪ ಆರಿತು. ದೂಜಣ್ಣ ಕೈಮುಗಿದು, ಪ್ರಸಾದ ಹಂಚಲೆಂದು ಎಲೆಯನ್ನು ಎತ್ತಿದರು. ಎಲೆಯಡಿಯಿಂದ ಮಾತ್ರೆಯ ಪಟ್ಟಿಗಳು ಸರಸರ ಜಾರಿ ಸಾಹೇಬರ ಕಾಲ ಬಳಿ ಬಿದ್ದವು.

ಅವಸರದಲ್ಲಿ ಶ್ರೇಯಾಳೇ ಬಗ್ಗಿ ಎಣಿಸಿದಳು. "ಥರ್ಟಿ ವನ್."

"ಅರವತ್ತರ ಮ್ಯಾಲೆ ಮೂವತ್ತೊಂದು?" ಎಂದರು ಸಾಹೇಬರು. "ಕಡಿಮಿ ಬಿದ್ರ ಕಳುವು. ಹೆಚ್ಚಾದ್ರ ರಜಿಸ್ಟರ್ ಸುಳ್ಳು. ಪೇಶಂಟಿಗೆ ಕೊಟ್ಟೀವಿ ಅಂತ ಬರದು ಕೊಟ್ಟಿಲ್ಲಂತಾತು. ಅಕ್ಷರ ಯಾರದು?"

"ನಂದರೀ," ಎಂದ ಶಿವಪುತ್ರ.

ಆಗ ಡಾಕ್ಟರ್ ಶ್ರೀರಾಮ್ ಎದ್ದು ನಿಂತರು. ಅವರ ದೊಡ್ಡತನಕ್ಕೆ ಕೈ ಮುಗಿಯಬೇಕು. "ಅವನದೇನೂ ತಪ್ಪಿಲ್ಲ ಸಾಹೇಬ್ರೆ. ಹದಿನೈದು ನನ್ನದು. ಮೂವತ್ತು ವರ್ಷ ಬೇರೆಯೋರ ಬಾಯಿಗೆ ಬಗ್ಗಿ ಬಗ್ಗಿ ನನ್ನ ಸೊಂಟ ಹೋಗಿದೆ. ಇಲ್ಲದ ಪೇಶಂಟುಗಳ ಹೆಸರಲ್ಲಿ ಚೀಟಿ ಬರೆದೆ. ಇವನು ನನ್ನನ್ನ ನಂಬಿ ಇಳಿಸಿಕೊಂಡ."

"ಟೆನ್ ನಂದು," ಎಂದಳು ಶ್ರೇಯಾ ಅಳುತ್ತ. "ಮೈಗ್ರೇನ್ ಇತ್ತು. ಚೀಟಿ ನಾನೇ ಫೇಕ್ ಬರ್ದಿದ್ದು. ಸಾರಿ ಅಂಕಲ್."

ಶಿವಪುತ್ರ ಇಬ್ಬರಿಗೂ ಕೈಮುಗಿದ. ತನ್ನನ್ನು ಉಳಿಸಲು ಡಾಕ್ಟರುಗಳೇ ತಲೆ ತಗ್ಗಿಸಿ ನಿಂತಿದ್ದರು. ಎಂಥ ಮನುಷ್ಯರಪ್ಪಾ ಇವರು ಎಂದುಕೊಂಡ. ಸಾಹೇಬರೂ ಕರಗಿದಂತೆ ಕಂಡರು. "ತಾವಾಗೇ ಒಪ್ಪಿ ವಾಪಸ್ ಇಟ್ಟೀರಿ. ಎಚ್ಚರಿಕಿ ಕೊಟ್ಟು ಬಿಡ್ತೀನಿ. ಮುಗೀತು, ಮುಗೀತು," ಎಂದು ಯಾಕೋ ಗಡಿಬಿಡಿಯಲ್ಲಿ ಫೈಲು ಮಡಚಿದರು.

"ಬಟ್ ಸರ್," ಎಂದಳು ಶ್ರೇಯಾ ಮೂಗೊರೆಸಿಕೊಂಡು, "ಫಿಫ್ಟೀನ್ ಪ್ಲಸ್ ಟೆನ್, ಟ್ವೆಂಟಿ ಫೈವ್. ಇನ್ನೂ ಆರು ಇದೆ."

ಎಲ್ಲರೂ ಶಿವಪುತ್ರನತ್ತ ನೋಡಿದರು. ಬಾಗಿಲಲ್ಲಿ ಬಂದು ನಿಂತಿದ್ದ ಸುಬ್ಬಲಕ್ಷ್ಮಿಯವರೂ ನೋಡಿದರು.

"ನಾವಿಬ್ರೂ ಒಪ್ಕೊಂಡ್ವಿ," ಎಂದರು ದೊಡ್ಡ ಡಾಕ್ಟರು ಪ್ರೀತಿಯಿಂದ. "ನೀನೂ ಹೇಳ್ಬಿಡಪ್ಪ. ಮನಸ್ಸು ಹಗುರ ಆಗುತ್ತೆ."

ಶಿವಪುತ್ರ ಆ ಆರರ ಪಟ್ಟಿಯನ್ನು ಕೈಗೆತ್ತಿಕೊಂಡು ತಿರುವಿದ. ಹಿಂದುಗಡೆ ಅವನದೇ ಕೈಬರಹ, ಕಳೆದ ವರ್ಷದ ತಾರೀಖು: "ಲ್ಯಾಬ್ ಪರೀಕ್ಷೆಗೆ ನಮೂನೆ. ಇನ್‌ಸ್ಪೆಕ್ಟರ್ ಸಾಹೇಬರಿಗೆ ಕೊಟ್ಟದ್ದು." ತಲೆ ಎತ್ತಿ ಸಾಹೇಬರ ಮುಖ ನೋಡಿದ. ಸಾಹೇಬರು ಫ್ಯಾನು ನೋಡುತ್ತಿದ್ದರು. ಒಂದು ಕೈ ಅವರ ಸೊಂಟದ ಮೇಲಿತ್ತು. ಸಹಿ ಇನ್ನೂ ಬಿದ್ದಿರಲಿಲ್ಲ.

ಹೇಳಿದರೆ ದೀಪ ಮುಟ್ಟಿ ಕೊಟ್ಟ ಮಾತು ಮುರಿಯಿತು, ಸಹಿ ಹೋಯಿತು, ಕ್ಲಿನಿಕ್ಕು ಹೋಯಿತು, ಡಾಕ್ಟರ ಆ ಕೈ ಹೋಯಿತು. ಹೇಳದಿದ್ದರೆ ತಾನೊಬ್ಬ ಹೋದ. ಶಿವಪುತ್ರನಿಗೆ ಈ ಲೆಕ್ಕ ಮಾಡಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಪಟ್ಟಿಯನ್ನು ಮುಷ್ಟಿಯೊಳಗೆ ಮುಚ್ಚಿಕೊಂಡ.

"ನಂದ್ರೀ," ಎಂದ.

ಸಾಹೇಬರು ಎರಡೇ ಹೆಜ್ಜೆಗೆ ಬಂದು ಅವನನ್ನು ತಬ್ಬಿಕೊಂಡರು. ಅವರ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು. "ಇಪ್ಪತ್ತು ವರ್ಷ ಸರ್ವೀಸಿನ್ಯಾಗ ಇಂಥಾ ಪ್ರಾಮಾಣಿಕ ಕಳ್ಳನ್ನ ನಾ ನೋಡಿಲ್ಲ!" ಎಂದು ಸರ್ರನೆ ಸಹಿ ಹಾಕಿದರು. ದೂಜಣ್ಣ ಎಲ್ಲರ ಕೈಗೂ ಅರಳು ಬೆಲ್ಲ ಹಾಕುತ್ತ, "ನಾನು ಹೇಳಲಿಲ್ವಾ, ಸತ್ಯ ಉಂಟು ಮಾರ್ರೆ," ಎಂದರು.

"ಒಂದ ಮಾತು," ಎಂದು ಸಾಹೇಬರು ಬಾಗಿಲಲ್ಲಿ ನಿಂತರು. "ತಗೊಂಡೀನಿ ಅಂತ ಒಪ್ಪಿದವರ ಕಡೆ ಇನ್ನ ಕೀಲಿ ಇರಬಾರದು. ಎರಡೂ ಕೀಲಿ ಕೈ ಸ್ವಚ್ಛ ಇದ್ದವರ ಕಡೆ ಕೊಡ್ರಿ. ಅಂಥಾವರು ಯಾರರೆ ಅದಾರೇನು ಇಲ್ಲೆ?"

ಡಾಕ್ಟರ್ ಶ್ರೀರಾಮ್ ಬೆಳಗಿನ ಹದಿನಾಲ್ಕನ್ನೂ ಶಿವಪುತ್ರನ ಆರಕ್ಕೇ ಕೂಡಿಸಿಕೊಂಡರು. ಆಮೇಲೆ ಅವರ ಮುಖ ಅರಳಿತು. ಜೋಗೇಶ್ವರಿಗೆ ಫೋನು ಹಚ್ಚಿ, "ಪ್ರಶಾಂತ, ನಾಳೆಯಿಂದ ಕಪಾಟಿನ ಕೀಲಿ ನಿಮ್ಮ ಹತ್ರಾನೇ ಇರ್ಲಿ," ಎಂದರು. "ನಮ್ಮಲ್ಲಿ ಮುಟ್ಟದೇ ಇದ್ದೋರು ಅಂತ ಉಳಿದಿರೋದು ನೀವೊಬ್ರೇ ನೋಡಿ."

ಶಿವಪುತ್ರ ಸೊಂಟದಿಂದ ಕೀಲಿ ಬಿಚ್ಚಿ ಮೇಜಿನ ಮೇಲಿಟ್ಟ.